ಡೆಂಗಿ ಬಗ್ಗೆ ಎಲ್ಲಾ ಗೊತ್ತಿರುವ ಮಕ್ಕಳು ಡ್ರಮ್ಮು ಯಾಕೆ ಮುಚ್ಚುವುದಿಲ್ಲ?

ಮಳೆಗಾಲ ಶುರುವಾದರೆ ಮಂಡ್ಯ, ಮೈಸೂರಿನ ಶಾಲೆಗಳಲ್ಲಿ ಡೆಂಗಿ ಜಾಥಾಗಳೂ ಶುರುವಾಗುತ್ತವೆ. ಮಕ್ಕಳು ಫಲಕ ಹಿಡಿದು ಬೀದಿ ಸುತ್ತುತ್ತಾರೆ. ಆರೋಗ್ಯ ಇಲಾಖೆಯವರು ಬಂದು ಬಾಟಲಿಯಲ್ಲಿ ಲಾರ್ವಾ, ಅಂದರೆ ಸೊಳ್ಳೆಯ ಮರಿಹುಳು, ತೋರಿಸುತ್ತಾರೆ. ಪ್ರಬಂಧ ಸ್ಪರ್ಧೆ ಇರುತ್ತದೆ, ಬಹುಮಾನವೂ ಇರುತ್ತದೆ. ಹತ್ತನೇ ತರಗತಿಯ ಹುಡುಗಿಯೊಬ್ಬಳನ್ನು ಕೇಳಿ ನೋಡಿ. ಈಡಿಸ್ ಸೊಳ್ಳೆ, ಹಗಲು ಹೊತ್ತು ಕಚ್ಚುತ್ತೆ, ನಿಂತ ತಿಳಿನೀರಲ್ಲಿ ಮೊಟ್ಟೆ ಇಡುತ್ತೆ ಅಂತ ಒಂದೇ ಉಸಿರಿಗೆ ಹೇಳುತ್ತಾಳೆ. ಅವಳ ಮನೆಯ ಹಿತ್ತಲಲ್ಲಿ ಮಾತ್ರ ನೀಲಿ ಡ್ರಮ್ಮು ಮುಚ್ಚಳ ಇಲ್ಲದೆ ನಿಂತಿರುತ್ತದೆ.

ಇದನ್ನು ನೋಡಿದ ದೊಡ್ಡವರು ಬೇಗನೆ ಒಂದು ತೀರ್ಮಾನಕ್ಕೆ ಬಂದುಬಿಡುತ್ತಾರೆ. ಈಗಿನ ಮಕ್ಕಳಿಗೆ ಭಯವೇ ಇಲ್ಲ, ಹೇಳಿದ್ದನ್ನು ಕೇಳಲ್ಲ, ಅಷ್ಟೇ. ಹಾಗಾಗಿ ಮುಂದಿನ ವರ್ಷ ಇನ್ನೂ ದೊಡ್ಡ ಫಲಕ, ಇನ್ನೂ ಭಯಂಕರ ಚಿತ್ರ. ಈ ತೀರ್ಮಾನ ತಪ್ಪು ಅಂತ ನನಗೆ ಬಲವಾಗಿ ಅನಿಸುತ್ತದೆ. ಮಕ್ಕಳಲ್ಲಿ ತಿಳಿವಳಿಕೆಗೆ ಕೊರತೆ ಇಲ್ಲ, ಭಯಕ್ಕೂ ಇಲ್ಲ. ‘ನಾನು ಮಾಡಿದರೆ ಏನಾದರೂ ಉಪಯೋಗ ಇದೆ’ ಎಂಬ ನಂಬಿಕೆ ಮಾತ್ರ ಅವರಿಗೆ ಬಂದಿಲ್ಲ. ಅದು ಬರದಂತೆ ನೋಡಿಕೊಂಡಿರುವವರಲ್ಲಿ ನಾವು ದೊಡ್ಡವರೂ ಇದ್ದೇವೆ.

2024ರಲ್ಲಿ ಕರ್ನಾಟಕದಲ್ಲಿ 25 ಸಾವಿರಕ್ಕೂ ಹೆಚ್ಚು ಡೆಂಗಿ ಪ್ರಕರಣ ದಾಖಲಾದವು. ಆ ಸೆಪ್ಟೆಂಬರ್‌ನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿತು. ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವೂ ಬಂತು. ನಗರದ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200. ಅಲ್ಲಿಗೆ ಡೆಂಗಿ ಬರೀ ಆಸ್ಪತ್ರೆಯ ವಿಷಯವಾಗಿ ಉಳಿಯಲಿಲ್ಲ, ಮನೆಮಂದಿಯ ನಡವಳಿಕೆಯ ವಿಷಯವೂ ಆಯಿತು. ನಡವಳಿಕೆ ಅಂದಮೇಲೆ ನಂಬಿಕೆಯ ಬಗ್ಗೆ ಮಾತಾಡಲೇಬೇಕು.

ಈ ಪ್ರಶ್ನೆ ಹೊಸದಲ್ಲ. 1950ರ ದಶಕದಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯವರಿಗೂ ಇದೇ ತಲೆನೋವಾಗಿತ್ತು. ಕ್ಷಯ ರೋಗ ಪತ್ತೆಗೆ ಎಕ್ಸ್‌ರೇ ಯಂತ್ರ ಇಟ್ಟ ವಾಹನಗಳನ್ನು ಅವರು ಬಡಾವಣೆಗಳಿಗೇ ಕಳಿಸುತ್ತಿದ್ದರು. ಜನ ಹಣ ಕೊಡಬೇಕಿರಲಿಲ್ಲ, ದೂರ ಹೋಗಬೇಕಿರಲಿಲ್ಲ. ಆದರೂ ಬಹಳ ಜನ ಬರಲಿಲ್ಲ. ಗಾಡ್‌ಫ್ರೇ ಹಾಕ್‌ಬಾಮ್ ಎಂಬ ಮನಶ್ಶಾಸ್ತ್ರಜ್ಞ ಮೂರು ನಗರಗಳಲ್ಲಿ 1,200ಕ್ಕೂ ಹೆಚ್ಚು ಜನರನ್ನು ಮಾತಾಡಿಸಿದ. ನನಗೂ ಕ್ಷಯ ಬರಬಹುದು, ಬೇಗ ಪತ್ತೆಯಾದರೆ ಒಳ್ಳೆಯದು, ಈ ಎರಡನ್ನೂ ನಂಬಿದವರಲ್ಲಿ ಶೇ 82ರಷ್ಟು ಜನ ತಾವಾಗಿಯೇ ಎಕ್ಸ್‌ರೇ ತೆಗೆಸಿಕೊಂಡಿದ್ದರು. ಎರಡನ್ನೂ ನಂಬದವರಲ್ಲಿ ತೆಗೆಸಿಕೊಂಡವರು ಶೇ 21 ಮಾತ್ರ. ರೋಗ ಒಂದೇ, ವಾಹನವೂ ಒಂದೇ. ವ್ಯತ್ಯಾಸ ಇದ್ದದ್ದು ತಲೆಯೊಳಗೆ.

ಮೈಸೂರಿನವರಿಗೆ ಕ್ಷಯದ ಕಥೆ ದೂರದ್ದೇನಲ್ಲ. ಇಲ್ಲಿನ ಕ್ಷಯರೋಗದ ಆಸ್ಪತ್ರೆ ಪಿಕೆಟಿಬಿಗೆ ಇರುವುದು ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿ ಅವರ ಹೆಸರು. ಅವರು ತೀರಿಕೊಂಡಿದ್ದು ಕ್ಷಯದಿಂದಲೇ.

ಹಾಕ್‌ಬಾಮ್, ಇರ್ವಿನ್ ರೋಸೆನ್‌ಸ್ಟಾಕ್ ಮತ್ತು ಜೊತೆಗಾರರ ಈ ಕೆಲಸದಿಂದ ‘ಆರೋಗ್ಯ ನಂಬಿಕೆ ಮಾದರಿ’ ಹುಟ್ಟಿತು. ಹೆಸರು ದೊಡ್ಡದು, ವಿಷಯ ಸರಳ. ಮಂಡ್ಯದಲ್ಲಿ ಪಿಯುಸಿ ಓದುವ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಡೆಂಗಿ ಸುದ್ದಿ ಕಿವಿಗೆ ಬಿದ್ದಾಗ ಅವನ ಮನಸ್ಸು ಗೊತ್ತಿಲ್ಲದೇ ಕೆಲವು ಲೆಕ್ಕ ಹಾಕುತ್ತದೆ. ಇದು ನನಗೆ ಬರುತ್ತಾ? ಬಂದರೆ ಎಷ್ಟು ಕಷ್ಟ? ಇವರು ಹೇಳಿದ್ದನ್ನು ಮಾಡಿದರೆ ತಪ್ಪುತ್ತಾ? ಮಾಡೋಕೆ ನನಗೆಷ್ಟು ತೊಂದರೆ? ಇವುಗಳ ಜೊತೆಗೆ ಒಂದು ಎಚ್ಚರಿಸುವ ಗಂಟೆಯೂ ಬೇಕು: ಪಕ್ಕದ ಮನೆಯವರಿಗೆ ಜ್ವರ ಬಂತು, ಗೆಳೆಯ ಆಸ್ಪತ್ರೆ ಸೇರಿದ, ಹೀಗೆ. ‘ಇದು ನನ್ನ ಕೈಲಿ ಆಗುತ್ತೆ’ ಎಂಬ ಧೈರ್ಯವನ್ನು 1988ರಲ್ಲಿ ಈ ಪಟ್ಟಿಗೆ ಸೇರಿಸಿದರು. ನನ್ನ ಪ್ರಕಾರ ಹದಿಹರೆಯದವರ ಮಟ್ಟಿಗೆ ಅದೇ ಮುಖ್ಯ.

ಮೊದಲ ಪ್ರಶ್ನೆ ನೋಡೋಣ. ಹರೆಯದವರು ‘ನಮಗೇನೂ ಆಗಲ್ಲ’ ಅಂದುಕೊಂಡಿರುತ್ತಾರೆ ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ. ಸಂಶೋಧನೆ ಇದನ್ನು ಪೂರ್ತಿ ಒಪ್ಪುವುದಿಲ್ಲ. ‘ಬೇರೆಯವರಿಗೆ ಬಂದರೂ ನನಗೆ ಬರಲಿಕ್ಕಿಲ್ಲ’ ಎಂಬ ಆಶಾವಾದ ಎಲ್ಲ ವಯಸ್ಸಿನವರಲ್ಲೂ ಇರುತ್ತದೆ. ಮನಶ್ಶಾಸ್ತ್ರಜ್ಞ ನೀಲ್ ವೈನ್‌ಸ್ಟೀನ್ 1980ರಲ್ಲೇ ಇದನ್ನು ಗುರುತಿಸಿದ್ದರು. ವ್ಯಾಲರಿ ರೇನಾ ಮತ್ತು ಫ್ರ್ಯಾಂಕ್ ಫಾರ್ಲಿ 2006ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಹರೆಯದವರು ಎಷ್ಟೋ ಸಲ ಅಪಾಯವನ್ನು ಇರುವುದಕ್ಕಿಂತ ಜಾಸ್ತಿಯೇ ಅಂದಾಜು ಮಾಡುತ್ತಾರೆ ಎಂಬುದು ಅವರಿಗೆ ಕಂಡಿತು. ಅಪಾಯ ಗೊತ್ತಿದ್ದೂ ಈ ಕ್ಷಣದ ಲಾಭದ ಕಡೆ ತಕ್ಕಡಿ ವಾಲಿಬಿಡುತ್ತದೆ.

ತಕ್ಕಡಿಯನ್ನು ವಾಲಿಸುವವರು ಯಾರು? ಹೆಚ್ಚಿನ ಸಲ ಜೊತೆಗಾರರು. ಮಾರ್ಗೊ ಗಾರ್ಡ್‌ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಕಾರು ಓಡಿಸುವ ಕಂಪ್ಯೂಟರ್ ಆಟ ಇಟ್ಟು ಒಂದು ಪ್ರಯೋಗ ಮಾಡಿದರು. 13ರಿಂದ 16 ವಯಸ್ಸಿನವರು ಒಬ್ಬರೇ ಆಡಿದಾಗಿನದಕ್ಕಿಂತ ವಾರಿಗೆಯವರು ಪಕ್ಕದಲ್ಲಿದ್ದಾಗ ಹೆಚ್ಚು ಅಪಾಯ ಮೈಮೇಲೆ ಎಳೆದುಕೊಂಡರು. 24 ದಾಟಿದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಕೋವಿಡ್ ಕಾಲವನ್ನು ನೆನೆಸಿಕೊಳ್ಳಿ. ಮನೆ ಬಾಗಿಲಲ್ಲಿ ಅಮ್ಮ ಕಟ್ಟಿಸಿದ ಮಾಸ್ಕು ಬಸ್ ಸ್ಟ್ಯಾಂಡಿನಲ್ಲಿ ಗೆಳೆಯರು ಸಿಕ್ಕ ತಕ್ಷಣ ಗಲ್ಲಕ್ಕೆ ಇಳಿಯುತ್ತಿತ್ತು. ಆ ಹುಡುಗನಿಗೆ ವೈರಸ್ ಬಗ್ಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ‘ಏನ್ ಮಗಾ, ಇಷ್ಟೊಂದು ಹೆದರ್ತೀಯಾ’ ಅನ್ನುವ ಒಂದು ಮಾತಿನ ಭಯ ಅದಕ್ಕಿಂತ ಹತ್ತಿರದ್ದಾಗಿತ್ತು.

ಡೆಂಗಿಯಲ್ಲಿ ಇನ್ನೊಂದು ತೊಡಕಿದೆ. ಸೋಂಕು ತಗುಲಿದ ಹೆಚ್ಚಿನವರಲ್ಲಿ ರೋಗಲಕ್ಷಣವೇ ಕಾಣುವುದಿಲ್ಲ, ಕಂಡರೂ ಸಣ್ಣ ಜ್ವರ ಬಂದು ಹೋಗುತ್ತದೆ. ಹಾಗಾಗಿ ಅನುಭವವೇ ತಪ್ಪು ಪಾಠ ಕಲಿಸುತ್ತದೆ. ‘ಹೋದ ವರ್ಷ ನಂಗೂ ಆಗಿತ್ತು, ಎರಡು ದಿನ ಮಲಗಿ ಎದ್ದೆ, ಏನಾಗಲ್ಲ ಬುಡಮ್ಮ’ ಅಂತ ಮಗ ಹೇಳಿದರೆ ತಾಯಿಗೂ ಹೌದಲ್ವಾ ಅನಿಸುತ್ತದೆ. ಒಂದು ಸಲ ಬಂದಮೇಲೆ ಮತ್ತೆ ಬರಲ್ಲ ಎಂಬ ನಂಬಿಕೆಯೂ ಇದರ ಜೊತೆ ಸೇರಿಕೊಂಡಿದೆ. ಅಮ್ಮ, ಅಂದರೆ ಚಿಕನ್‌ಪಾಕ್ಸ್, ಒಂದು ಸಲ ಆದರೆ ಸಾಮಾನ್ಯವಾಗಿ ಮತ್ತೆ ಆಗುವುದಿಲ್ಲ, ದಡಾರವೂ ಹಾಗೆಯೇ. ಅದೇ ಲೆಕ್ಕವನ್ನು ಡೆಂಗಿಗೂ ಹಾಕುತ್ತಾರೆ.

ಡೆಂಗಿ ಹಾಗಲ್ಲ. ಅದರ ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆ ಬಂದು ಹೋದರೆ ಅದೇ ಬಗೆಯಿಂದ ಮಾತ್ರ ದೀರ್ಘಕಾಲದ ರಕ್ಷಣೆ. ಉಳಿದ ಮೂರರಿಂದ ಸಿಗುವ ರಕ್ಷಣೆ ಸ್ವಲ್ಪ ಕಾಲದ್ದು. ಆಮೇಲೆ ಬೇರೆ ಬಗೆ ತಗುಲಿದರೆ ರೋಗ ತೀವ್ರವಾಗುವ ಸಾಧ್ಯತೆ ಮೊದಲಿಗಿಂತ ಜಾಸ್ತಿ. ಹಳೆಯ ಸೋಂಕಿನ ವಿರುದ್ಧ ದೇಹ ತಯಾರಿಸಿಟ್ಟ ಪ್ರತಿಕಾಯಗಳೇ (ಆಂಟಿಬಾಡಿ) ಹೊಸ ಬಗೆಯ ವೈರಸ್ಸಿಗೆ ಜೀವಕೋಶದ ಒಳಗೆ ಹೋಗಲು ದಾರಿ ಮಾಡಿಕೊಡಬಲ್ಲವು. ಅಂದರೆ ‘ನಂಗೆ ಬಂದು ಹೋಗಿದೆ’ ಅಂತ ನಿಶ್ಚಿಂತೆಯಿಂದ ಇರುವ ಹುಡುಗನೇ ಹೆಚ್ಚು ಎಚ್ಚರವಾಗಿರಬೇಕಾದವನು. ಜಾಥಾದ ಫಲಕಗಳಲ್ಲಿ ಸೊಳ್ಳೆಯ ಚಿತ್ರ ಎಷ್ಟೊಂದು ಕಾಣುತ್ತದೆ. ಎರಡನೇ ಸಲದ ಈ ವಿಷಯ ಮಾತ್ರ ಎಷ್ಟು ಅಪರೂಪ! ಒಂದೇ ಒಂದು ವಿಷಯ ಹೇಳಲು ಅವಕಾಶ ಕೊಟ್ಟರೆ ನಾನು ಇದನ್ನೇ ಹೇಳುತ್ತೇನೆ.

ಈಗ ಸೊಳ್ಳೆ ಎಲ್ಲಿಂದ ಬರುತ್ತದೆ ಎಂಬ ನಂಬಿಕೆಗೆ ಬರೋಣ. ಮಂಡ್ಯ ನಾಲೆ, ಗದ್ದೆಗಳ ಜಿಲ್ಲೆ. ಕನ್ನಂಬಾಡಿಯಿಂದ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬಿಟ್ಟರೆ ಭತ್ತದ ಗದ್ದೆಯಲ್ಲೆಲ್ಲ ನೀರು ನಿಲ್ಲುತ್ತದೆ. ಸೊಳ್ಳೆ ಅಂದ ತಕ್ಷಣ ಇಲ್ಲಿನವರ ಕಣ್ಣು ಗದ್ದೆ ಕಡೆಗೂ ಚರಂಡಿ ಕಡೆಗೂ ಹೋಗುತ್ತದೆ. ಇದರಲ್ಲಿ ಅರ್ಧ ಸತ್ಯ ಇದೆ. ಮಿದುಳಿನ ಉರಿಯೂತ ತರುವ ಜಪಾನೀಸ್ ಎನ್ಸೆಫಲೈಟಿಸ್ ಎಂಬ ರೋಗವನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆ ಬೆಳೆಯುವುದು ಗದ್ದೆ ನೀರಿನಲ್ಲಿ. ಮಂಡ್ಯ ಆ ರೋಗವನ್ನು ಮೊದಲಿಂದ ಕಂಡಿರುವ ಜಿಲ್ಲೆ. ಡೆಂಗಿಯ ಈಡಿಸ್ ಸೊಳ್ಳೆಗೆ ಗದ್ದೆ ಬೇಡ. ಅದಕ್ಕೆ ಮನೆ ಬೇಕು. ಡ್ರಮ್ಮು, ಸಂಪು, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ನೀರಿನ ತಟ್ಟೆ, ಹಳೇ ಟೈರು, ಮಾಳಿಗೆ ಮೇಲೆ ಎಸೆದ ಪ್ಲಾಸ್ಟಿಕ್ ಡಬ್ಬ. ಮದ್ದೂರು ಎಳನೀರಿಗೆ ಹೆಸರಾದ ಊರು. ಜ್ವರ ಬಂದವರಿಗೆ ಎಳನೀರು ತಂದು ಕುಡಿಸುತ್ತೇವೆ, ಒಳ್ಳೆಯದೇ. ಕುಡಿದು ಬಿಸಾಕಿದ ಬುರುಡೆಯಲ್ಲಿ ಒಂದು ಮಳೆ ಬಿದ್ದರೆ ಸಾಕು, ಅದೇ ಸೊಳ್ಳೆಗೆ ತೊಟ್ಟಿಲು.

ಈ ತಪ್ಪು ತಿಳಿವಳಿಕೆ ತಂದ ಕೇಡು ದೊಡ್ಡದು. ಸೊಳ್ಳೆ ಬರುವುದು ಚರಂಡಿಯಿಂದ ಅಂತ ನಂಬಿದರೆ ಅದನ್ನು ಸರಿಮಾಡುವುದು ನಗರಸಭೆ ಕೆಲಸ. ಗದ್ದೆಯಿಂದ ಅಂದರೆ ಯಾರ ಕೈಲೂ ಆಗದ ಕೆಲಸ. ಹದಿನೈದರ ಹುಡುಗಿ ಅದರಲ್ಲೇನು ಮಾಡಿಯಾಳು? ‘ನಂದೇನಿದೆ’ ಅಂತ ಸುಮ್ಮನಾಗುತ್ತಾಳೆ. ಫಾಗಿಂಗ್ ಯಂತ್ರ ಬೀದಿಗೆ ಬಂದಾಗ ಮಕ್ಕಳು ಹೊಗೆಯ ಹಿಂದೆ ಓಡುತ್ತಾರೆ, ದೊಡ್ಡವರು ನೆಮ್ಮದಿಯ ಉಸಿರು ಬಿಡುತ್ತಾರೆ. ಕಣ್ಣಿಗೆ ಕಾಣುವ ಕೆಲಸ ಅಲ್ವಾ ಅದು. ಆ ಹೊಗೆ ಹಾರಾಡುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ. ನೀರಿನಲ್ಲಿರುವ ಲಾರ್ವಾ ಹಾಗೇ ಉಳಿಯುತ್ತದೆ, ಕೆಲವೇ ದಿನಗಳಲ್ಲಿ ಹೊಸ ಸೊಳ್ಳೆ ಎದ್ದು ಬರುತ್ತದೆ.

ಈಡಿಸ್ ಸೊಳ್ಳೆ ಬಹಳ ದೂರ ಹಾರುವುದಿಲ್ಲ. ಸಾಮಾನ್ಯವಾಗಿ ಹುಟ್ಟಿದ ಜಾಗದಿಂದ ಒಂದೆರಡು ನೂರು ಮೀಟರ್ ಒಳಗೇ ಅದರ ಬದುಕು ಮುಗಿಯುತ್ತದೆ. ನಮ್ಮನ್ನು ಕಚ್ಚಿದ ಸೊಳ್ಳೆ ನಮ್ಮ ಮನೆಯದ್ದೋ ನೆರೆಮನೆಯದ್ದೋ ಆಗಿರುವ ಸಾಧ್ಯತೆಯೇ ಹೆಚ್ಚು. ಮೊಟ್ಟೆ ಸೊಳ್ಳೆಯಾಗಲು ಬೇಕಾಗುವುದು ಏಳರಿಂದ ಹತ್ತು ದಿನ. ವಾರಕ್ಕೊಮ್ಮೆ ನೀರು ಚೆಲ್ಲಿ ಡ್ರಮ್ಮಿನ ಒಳಗೋಡೆ ಉಜ್ಜಿ ತೊಳೆದರೆ ಈ ಸರಪಳಿ ತುಂಡಾಗುತ್ತದೆ. ಬರೀ ಚೆಲ್ಲಿದರೆ ಸಾಲದು. ಮೊಟ್ಟೆಗಳು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಗೋಡೆಗೆ ಅಂಟಿಕೊಂಡಿರುತ್ತವೆ, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಮುಂದಿನ ಸಲ ನೀರು ತುಂಬಿದಾಗ ಮರಿಯಾಗುತ್ತವೆ. ಇಷ್ಟು ವಿಷಯವನ್ನು ಕಾರಣದ ಸಮೇತ ತಿಳಿದ ಹುಡುಗಿಯ ಕೈಗೆ ನಿಜವಾದ ಅಧಿಕಾರ ಬರುತ್ತದೆ. ಮನೆಯಲ್ಲಿ ನೀರು ತುಂಬಿಸುವ, ತೊಟ್ಟಿ ತೊಳೆಯುವ ಕೆಲಸ ಎಷ್ಟೋ ಕಡೆ ಹೆಣ್ಣುಮಕ್ಕಳ ಮೇಲೇ ಬಿದ್ದಿದೆ. ಅದು ನ್ಯಾಯವಲ್ಲ. ಡೆಂಗಿ ತಡೆಯುವ ಕೆಲಸವನ್ನೂ ಅವಳ ಒಬ್ಬಳ ಹೆಗಲಿಗೆ ಹಾಕದೆ ಅಣ್ಣತಮ್ಮಂದಿರ ಕೈಗೂ ಬ್ರಷ್ ಕೊಡಬೇಕು.

ಕ್ರಿಸ್ಟೋಫರ್ ಕಾರ್ಪೆಂಟರ್ ಎಂಬ ಸಂಶೋಧಕ 2010ರಲ್ಲಿ, ಕಾಲಾನಂತರ ಜನರ ನಡವಳಿಕೆ ಹೇಗಿತ್ತು ಎಂದು ಹಿಂಬಾಲಿಸಿ ನೋಡಿದ, ಆರೋಗ್ಯ ನಂಬಿಕೆ ಮಾದರಿಯ 18 ಅಧ್ಯಯನಗಳನ್ನು ಕೂಡಿಸಿ ಲೆಕ್ಕ ಹಾಕಿದರು. ನಡವಳಿಕೆಯನ್ನು ಹೆಚ್ಚು ಸರಿಯಾಗಿ ಮುಂಚಿತವಾಗಿ ಹೇಳಿದ್ದು ‘ಮಾಡಿದರೆ ಉಪಯೋಗ ಇದೆಯಾ’, ‘ಮಾಡೋಕೆ ಅಡ್ಡಿ ಎಷ್ಟು’, ಈ ಎರಡು ನಂಬಿಕೆಗಳು. ರೋಗ ಎಷ್ಟು ಭಯಂಕರ ಎಂಬ ನಂಬಿಕೆಯ ಪ್ರಭಾವ ಕಡಿಮೆ. ನನಗೆ ಬರುತ್ತದೆ ಎಂಬ ನಂಬಿಕೆಯ ಪ್ರಭಾವ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ನಮ್ಮ ಪ್ರಚಾರದ ಫಲಕಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಶಕ್ತಿಯೆಲ್ಲ ಭಯದ ಮೇಲೆ ಖರ್ಚಾಗುತ್ತಿದೆ. ಸಂಶೋಧಕಿ ಕಿಮ್ ವಿಟ್ಟೆ 1992ರಲ್ಲಿ ಇದರ ಇನ್ನೊಂದು ಮುಖ ತೋರಿಸಿದ್ದರು. ಭಯದ ಜೊತೆಗೆ ‘ಇದನ್ನು ಮಾಡು, ನಿನ್ನಿಂದ ಆಗುತ್ತೆ’ ಎಂಬ ದಾರಿ ಸಿಕ್ಕರೆ ಜನ ಅಪಾಯದ ಜೊತೆ ಹೋರಾಡುತ್ತಾರೆ. ದಾರಿ ಸಿಗದಿದ್ದರೆ ಭಯದ ಜೊತೆ ಹೋರಾಡುತ್ತಾರೆ. ವಿಷಯವನ್ನೇ ತಳ್ಳಿಹಾಕುತ್ತಾರೆ, ನಗುತ್ತಾರೆ, ಫಾರ್ವರ್ಡ್ ಮಾಡಿ ಮರೆಯುತ್ತಾರೆ. ಹುಡುಗರು ಡೆಂಗಿ ಬಗ್ಗೆ ಜೋಕು ಮಾಡುವುದನ್ನು ನೋಡಿ ಉಡಾಫೆ ಅನ್ನುತ್ತೇವೆ. ಎಷ್ಟೋ ಸಲ ಅದು ಕೈಕಟ್ಟಿ ಕೂತವರ ನಗು.

2018ರಲ್ಲಿ ಕೇರಳದ ಕೋಯಿಕ್ಕೋಡ್, ಮಲಪ್ಪುರಂ ಜಿಲ್ಲೆಗಳಲ್ಲಿ ನಿಪಾ ವೈರಸ್ ಬಂದು 17 ಜನ ತೀರಿಕೊಂಡರು. ಎಚ್.ಡಿ. ಕೋಟೆಯ ಆಚೆಗೇ ವಯನಾಡು, ಹಾಗಾಗಿ ಮೈಸೂರಿಗೂ ದಿಗಿಲಾಯಿತು. ಆಗ ಜನರಿಗೆ ಸಿಕ್ಕ ಸೂಚನೆ ಚಿಕ್ಕದು, ಸ್ಪಷ್ಟ: ಪ್ರಾಣಿ, ಪಕ್ಷಿ ಕಚ್ಚಿದ ಹಣ್ಣು ತಿನ್ನಬೇಡಿ. ಮಕ್ಕಳಿಗೂ ಅರ್ಥವಾಗುವ, ಖರ್ಚಿಲ್ಲದ ಕೆಲಸ ಅದು. ಡೆಂಗಿಗೆ ನಾವು ಕೊಡುವ ಸೂಚನೆ ‘ಸುತ್ತಮುತ್ತಲ ಪರಿಸರ ಸ್ವಚ್ಛವಾಗಿಟ್ಟುಕೊಳ್ಳಿ’. ಇದನ್ನು ಕೇಳಿದ ಹುಡುಗ ಎಲ್ಲಿಂದ ಶುರು ಮಾಡಬೇಕು?

ಅಡ್ಡಿಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡಬೇಕು. ಅವುಗಳಲ್ಲಿ ಹೆಚ್ಚಿನವು ಮಕ್ಕಳ ತಲೆಯಲ್ಲಿಲ್ಲ, ನಾವು ಮಾಡಿದ ವ್ಯವಸ್ಥೆಯಲ್ಲಿವೆ. ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಕಡೆ ಡ್ರಮ್ಮು ತುಂಬಿಸಿಡದೆ ಗತಿಯಿಲ್ಲ. ‘ನೀರು ಚೆಲ್ಲು’ ಅಂದರೆ ಆ ಮನೆಯಲ್ಲಿ ಬೈಗುಳ ಗ್ಯಾರಂಟಿ. ಅಲ್ಲಿ ಹೇಳಬೇಕಾದದ್ದು ಚೆಲ್ಲುವುದನ್ನಲ್ಲ, ಬಿಗಿಯಾಗಿ ಬಟ್ಟೆ ಕಟ್ಟಿ ಮುಚ್ಚುವುದನ್ನು. ತುಂಬುತೋಳಿನ ಬಟ್ಟೆ ಹಾಕಿ ಅನ್ನುತ್ತೇವೆ, ಯೂನಿಫಾರ್ಮ್ ಮಾತ್ರ ಗಿಡ್ಡ ತೋಳಿನದು, ಕೆಳಗೆ ಚಡ್ಡಿ ಅಥವಾ ಸ್ಕರ್ಟು. ಈಡಿಸ್ ಹೆಚ್ಚು ಕಚ್ಚುವುದು ಬೆಳಗ್ಗೆ ಮತ್ತು ಸಂಜೆಗೆ ಮುಂಚೆ. ಪಾದ, ಕಣಕಾಲು ಅದಕ್ಕೆ ಇಷ್ಟದ ಜಾಗ. ಅದೇ ಹೊತ್ತಲ್ಲಿ ನಮ್ಮ ಮಕ್ಕಳು ಪ್ರಾರ್ಥನೆಗೆ ಸಾಲಾಗಿ ನಿಂತಿರುತ್ತಾರೆ, ಆಟದ ಮೈದಾನದಲ್ಲಿರುತ್ತಾರೆ, ಟ್ಯೂಷನ್‌ನಲ್ಲಿ ಬೆಂಚಿನ ಕೆಳಗೆ ಕಾಲು ಬಿಟ್ಟು ಕೂತಿರುತ್ತಾರೆ. ರಾತ್ರಿ ಮಲಗುವಾಗ ಬತ್ತಿ ಹಚ್ಚಿ ‘ಸೊಳ್ಳೆಗೆ ವ್ಯವಸ್ಥೆ ಆಯ್ತು’ ಅಂದುಕೊಳ್ಳುತ್ತೇವೆ.

ಎಲ್ಲಕ್ಕಿಂತ ದೊಡ್ಡ ಅಡ್ಡಿ ಹಾಜರಾತಿ. ಪಿಯುಸಿಯಲ್ಲಿ ಶೇ 75 ಹಾಜರಾತಿ ಬೇಕು. ಒಳಪರೀಕ್ಷೆ, ಪ್ರಾಕ್ಟಿಕಲ್, ಕೋಚಿಂಗ್ ಬೇರೆ. ಮೈ ಸುಡುತ್ತಿದ್ದರೂ ‘ಒಂದು ಡೋಲೋ ನುಂಗಿ ಹೋಗು, ಬಿಟ್ಟರೆ ಶಾರ್ಟೇಜ್ ಆಗುತ್ತೆ’ ಅಂತ ಮನೆಯವರೇ ಕಳಿಸುತ್ತಾರೆ. ಇಲ್ಲಿ ಹುಡುಗನ ಆರೋಗ್ಯ ನಂಬಿಕೆ ಏನೇ ಇರಲಿ, ಅವನ ಲೆಕ್ಕ ಸರಿಯಾಗಿಯೇ ಇದೆ. ಜ್ವರದ ಅಪಾಯ ಆಗಬಹುದಾದದ್ದು, ಹಾಜರಾತಿಯ ಅಪಾಯ ಆಗೇ ಆಗುವಂಥದ್ದು. ಇಂಥ ನಿಯಮ ಇಟ್ಟುಕೊಂಡು ಮಕ್ಕಳಿಗೆ ಜವಾಬ್ದಾರಿ ಇಲ್ಲ ಅನ್ನುವುದು ನನಗೆ ಸಹಿಸಲು ಆಗುವುದಿಲ್ಲ.

ಇದರ ಪರಿಣಾಮ ಬರೀ ಸುಸ್ತಲ್ಲ. ಡೆಂಗಿಯಲ್ಲಿ ಕಷ್ಟದ ಘಟ್ಟ ಶುರುವಾಗುವುದು ಹೆಚ್ಚಾಗಿ ಜ್ವರ ಇಳಿಯುವ ಹೊತ್ತಿಗೆ, ಮೂರರಿಂದ ಏಳನೇ ದಿನದ ಒಳಗೆ. ಎಲ್ಲರ ನಂಬಿಕೆ ಇದಕ್ಕೆ ತದ್ವಿರುದ್ಧ. ಜ್ವರ ಬಿಟ್ಟಿತು ಅಂದರೆ ವಾಸಿಯಾಯಿತು, ನಾಳೆ ಕಾಲೇಜಿಗೆ ಹೋಗಬಹುದು. ಅದೇ ಸಮಯದಲ್ಲಿ ಕೆಲವರಲ್ಲಿ ರಕ್ತನಾಳಗಳಿಂದ ದ್ರವ ಹೊರಗೆ ಸೋರಲು ಶುರುವಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ವಿಪರೀತ ಹೊಟ್ಟೆನೋವು, ಬಿಡದ ವಾಂತಿ, ಒಸಡು ಮೂಗಿನಿಂದ ರಕ್ತ, ತಡೆಯಲಾಗದ ಸುಸ್ತು ಅಥವಾ ಚಡಪಡಿಕೆ, ಕೈಕಾಲು ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು ಕಂಡರೆ ಕಾಯುವಂತಿಲ್ಲ, ಆಸ್ಪತ್ರೆಗೆ ಹೋಗಬೇಕು. ಹುಡುಗಿಯರಲ್ಲಿ ಮುಟ್ಟಿನ ರಕ್ತಸ್ರಾವ ಜಾಸ್ತಿಯಾಗುವುದೂ ಒಂದು ಸೂಚನೆ ಆಗಿರಬಹುದು. ಜಾಥಾದಲ್ಲಿ ಇದನ್ನು ಯಾರೂ ಹೇಳುವುದಿಲ್ಲ, ಮನೆಯಲ್ಲಿ ಹುಡುಗಿ ಬಾಯಿ ಬಿಡುವುದಿಲ್ಲ. ಹಾಸ್ಟೆಲ್‌ನಲ್ಲಿ ಇರುವವಳಾದರೆ ಇನ್ನೂ ಕಷ್ಟ. ನಾಚಿಕೆಯೂ ಒಂದು ಅಡ್ಡಿಯೇ, ಅದಕ್ಕೆ ಪ್ರಾಣದ ಬೆಲೆ ತೆರಬೇಕಾಗಿ ಬರಬಹುದು.

ಈ ಹಂತದಲ್ಲಿ ಮನೆಮನೆಯಲ್ಲಿ ಕೇಳುವ ಪ್ರಶ್ನೆ ಒಂದೇ: ‘ಪ್ಲೇಟ್‌ಲೆಟ್ ಎಷ್ಟಿದೆ?’ ಆಮೇಲೆ ಪರಂಗಿ ಎಲೆಯ ರಸ, ಕಿವಿ ಹಣ್ಣು. ಮಕ್ಕಳೂ ಅದನ್ನೇ ಕಲಿತಿದ್ದಾರೆ. ಸಂಖ್ಯೆ ಇಳಿಯದಿದ್ದರೆ ಭಯವಿಲ್ಲ ಎಂಬ ನಂಬಿಕೆ ಬೇರೂರಿದೆ. ವೈದ್ಯರು ನೋಡುವುದು ಆ ಒಂದು ಸಂಖ್ಯೆಯನ್ನಲ್ಲ. ರಕ್ತ ಎಷ್ಟು ಗಟ್ಟಿಯಾಗುತ್ತಿದೆ, ನಾಡಿ, ರಕ್ತದೊತ್ತಡ ಹೇಗಿದೆ, ರೋಗಿ ನೀರು ಕುಡಿಯುತ್ತಿದ್ದಾರಾ, ಇವನ್ನೆಲ್ಲ ಸೇರಿಸಿ ನೋಡುತ್ತಾರೆ. ಪರಂಗಿ ಎಲೆಯ ರಸ ಕುಡಿದು ಮನೆಯಲ್ಲೇ ಉಳಿದು ಆಸ್ಪತ್ರೆಗೆ ತಡ ಮಾಡುವುದೇ ಅಪಾಯ. ಮೈಕೈ ನೋವಿಗೆ ಮೆಡಿಕಲ್ ಶಾಪಿನಿಂದ ತಂದು ನುಂಗುವ ಐಬುಪ್ರೊಫೆನ್, ಆಸ್ಪಿರಿನ್ ಮಾತ್ರೆಗಳೂ ಡೆಂಗಿಯಲ್ಲಿ ಬೇಡ, ರಕ್ತಸ್ರಾವ ಹೆಚ್ಚಿಸಬಹುದು. ಪ್ಯಾರಾಸಿಟಮಾಲ್ ಸರಿ, ಅದೂ ಹೇಳಿದ ಪ್ರಮಾಣದಲ್ಲಿ.

ಹಾಗಂತ ಹಳೆಯ ನಂಬಿಕೆಗಳೆಲ್ಲ ಕೆಟ್ಟವು ಅನ್ನಲು ನನಗೆ ಮನಸ್ಸಿಲ್ಲ. ಅಮ್ಮ ಆದ ಮನೆಯನ್ನು ನೆನಪಿಸಿಕೊಳ್ಳಿ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಾರೆ. ನೆಂಟರು ಬರುವುದಿಲ್ಲ, ಮನೆಯವರು ಜಾತ್ರೆ, ಮದುವೆಗೆ ಹೋಗುವುದಿಲ್ಲ. ಮಗು ತಲೆಗೆ ನೀರು ಹಾಕಿಸಿಕೊಳ್ಳುವ ತನಕ ಶಾಲೆ ಇಲ್ಲ. ಕಾರಣ ಕೇಳಿದರೆ ದೇವಿಯ ಹೆಸರು ಹೇಳುತ್ತಾರೆ. ಪರಿಣಾಮ ಮಾತ್ರ ವೈದ್ಯರು ಹೇಳುವುದಕ್ಕೆ ಹತ್ತಿರ: ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ ಬೇರೆಯವರಿಂದ ದೂರ. 1898ರಲ್ಲಿ ಮೈಸೂರು ಸೀಮೆಗೆ ಪ್ಲೇಗು ಬಂದಾಗ ಜನ ಊರು ಬಿಟ್ಟು ಬಯಲಲ್ಲಿ ಗುಡಿಸಲು ಹಾಕಿಕೊಂಡರು. ಆ ಪ್ಲೇಗಿನ ನಂತರವೇ, 1903ರಲ್ಲಿ, ಮೈಸೂರಿನಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಹುಟ್ಟಿತು. ಇಕ್ಕಟ್ಟು ಕೇರಿಗಳ ಬದಲು ಅಗಲ ಬೀದಿ, ಹೊಸ ಬಡಾವಣೆಗಳಿಗೆ ದಾರಿಯಾಯಿತು.

ಇಲ್ಲಿ ಗಮನಿಸಬೇಕಾದದ್ದು ಅಮ್ಮ ಆದ ಮಗುವಿನ ಸ್ಥಿತಿ. ಅದು ಶಾಲೆಗೆ ಹೋಗದಿದ್ದರೆ ಯಾರೂ ಪ್ರಶ್ನಿಸುವುದಿಲ್ಲ. ಹೆಡ್‌ಮಾಸ್ಟರ್ ಹಾಜರಾತಿ ಕೇಳುವುದಿಲ್ಲ, ಗೆಳೆಯರು ಹೆದರುಪುಕ್ಕಲ ಅನ್ನುವುದಿಲ್ಲ. ಊರೆಲ್ಲ ಒಪ್ಪಿದ ರೂಢಿಯಲ್ಲಿ ಅಡ್ಡಿಗಳೇ ಇಲ್ಲ. ಅಮ್ಮನಿಗೆ ಸಿಕ್ಕಿರುವ ಈ ಗೌರವ ಡೆಂಗಿ ಜ್ವರಕ್ಕೆ ಇನ್ನೂ ಸಿಕ್ಕಿಲ್ಲ.

ಮಕ್ಕಳಿಂದ ಆಗುತ್ತದೆ ಎಂಬುದಕ್ಕೆ ನಮ್ಮದೇ ಸಾಕ್ಷಿ ಇದೆ. 2020ರ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೋವಿಡ್ ಹರಡಿ ಇಡೀ ಮೈಸೂರು ಜಿಲ್ಲೆ ನಡುಗಿತ್ತು. ಮೂರು ತಿಂಗಳ ನಂತರ, ಜೂನ್ ಕೊನೆಯಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯಿತು. ರಾಜ್ಯದಲ್ಲಿ 8 ಲಕ್ಷಕ್ಕೂ ಹೆಚ್ಚು ಮಕ್ಕಳು ನೋಂದಾಯಿಸಿಕೊಂಡಿದ್ದರು. ಬಾಗಿಲಲ್ಲಿ ಜ್ವರ ನೋಡುತ್ತಿದ್ದರು, ಎಲ್ಲರ ಮುಖಕ್ಕೂ ಮಾಸ್ಕ್, ಬೆಂಚುಗಳ ನಡುವೆ ಅಂತರ. ಗಲ್ಲಕ್ಕೆ ಮಾಸ್ಕ್ ಇಳಿಸುವ ವಯಸ್ಸಿನ ಅದೇ ಮಕ್ಕಳು ಅಲ್ಲಿ ಮೂರು ಗಂಟೆ ಅದನ್ನು ಹಾಕಿಕೊಂಡು ಬರೆದರು. ಏನು ಮಾಡಬೇಕು ಅಂತ ಸ್ಪಷ್ಟವಾಗಿತ್ತು. ಎಲ್ಲರೂ ಮಾಡುತ್ತಿದ್ದರು. ಹಾಕಿಕೊಂಡವನು ಅಲ್ಲಿ ಒಂಟಿಯಾಗಿರಲಿಲ್ಲ.

ಅದೇ ವರ್ಷ ಅಮೆರಿಕದಲ್ಲಿ 13ರಿಂದ 18 ವಯಸ್ಸಿನ 683 ಮಕ್ಕಳನ್ನು ಒಂದು ಅಧ್ಯಯನಕ್ಕಾಗಿ ಕೇಳಿದ್ದರು: ನೀವು ಅಂತರ ಕಾಪಾಡುತ್ತಿರುವುದು ಯಾಕೆ? ನಾಲ್ಕರಲ್ಲಿ ಮೂವರಿಗಿಂತ ಹೆಚ್ಚು ಮಕ್ಕಳು ಸಾಮಾಜಿಕ ಜವಾಬ್ದಾರಿ, ಬೇರೆಯವರಿಗೆ ಕಾಯಿಲೆ ಬರಬಾರದು ಎಂಬ ಕಾರಣಗಳನ್ನು ಕೊಟ್ಟರು. ನನಗೆ ಇದು ತುಂಬ ಮುಖ್ಯ ಅನಿಸುತ್ತದೆ. ಹರೆಯದವರ ಜೊತೆ ನಾವು ಯಾವಾಗಲೂ ‘ನಿನಗೆ ಬರುತ್ತೆ, ನೀನು ಸಾಯ್ತೀಯ’ ಅಂತಲೇ ಮಾತಾಡುತ್ತೇವೆ. ‘ನಿಮ್ಮಜ್ಜಿಗೆ ಬರದ ಹಾಗೆ ನೋಡ್ಕೋ’ ಅನ್ನುವ ಮಾತು ಅವರಿಗೆ ಹೆಚ್ಚು ನಾಟುತ್ತದೆ. ಅಜ್ಜಿ, ತಾತ ಇರುವ ಮನೆಗಳು ನಮ್ಮ ಕಡೆ ಇನ್ನೂ ಸಾಕಷ್ಟಿವೆ.

ಡೆಂಗಿಯಲ್ಲಿ ಈ ಮಾತಿಗೆ ಗಟ್ಟಿ ಆಧಾರವೂ ಇದೆ. ಡೆಂಗಿ ಮನುಷ್ಯರಿಂದ ಮನುಷ್ಯರಿಗೆ ನೇರವಾಗಿ ಅಂಟುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಸೊಳ್ಳೆಗೆ ವೈರಸ್ ಸಿಗುವುದು ಮಾತ್ರ ಮನುಷ್ಯರಿಂದಲೇ. ಜ್ವರ ಬರುವ ಒಂದೆರಡು ದಿನ ಮುಂಚಿನಿಂದ ಜ್ವರ ಬಿಡುವವರೆಗೂ ರೋಗಿಯ ರಕ್ತದಲ್ಲಿ ವೈರಸ್ ಇರುತ್ತದೆ. ಆಗ ಅವನನ್ನು ಕಚ್ಚಿದ ಈಡಿಸ್ ಕೆಲವು ದಿನಗಳ ನಂತರ ಅದೇ ಮನೆಯ ಇನ್ನೊಬ್ಬರಿಗೆ, ಪಕ್ಕದ ಮನೆಯ ಮಗುವಿಗೆ ಅದನ್ನು ದಾಟಿಸುತ್ತದೆ. ಹಾಗಾಗಿ ಜ್ವರ ಬಂದ ಹುಡುಗ ಹಗಲು ಹೊತ್ತೂ ಸೊಳ್ಳೆ ಪರದೆಯೊಳಗೆ ಮಲಗಿದರೆ ಕಾಪಾಡುವುದು ಮನೆಯವರನ್ನು. ಜ್ವರ ಇಟ್ಟುಕೊಂಡು ತರಗತಿಗೆ ಬಂದವನು ಅಲ್ಲಿನ ಸೊಳ್ಳೆಗಳಿಗೆ ವೈರಸ್ ಕೊಟ್ಟು ಹೋಗುತ್ತಾನೆ. ಇದನ್ನು ಹದಿನಾರರ ಹುಡುಗನಿಗೆ ನೇರವಾಗಿ ಹೇಳಿದರೆ ಅವನಿಗೆ ಅರ್ಥವಾಗುತ್ತದೆ. ಅವನು ಮೂರ್ಖನಲ್ಲ.

ಹಾಗಾದರೆ ಶಾಲೆ, ಕಾಲೇಜುಗಳು ಏನು ಮಾಡಬಹುದು? ಜೂನ್‌ನಿಂದ ನವೆಂಬರ್‌ವರೆಗೆ ಜ್ವರದ ರಜೆಯನ್ನು ಹಾಜರಾತಿ ಲೆಕ್ಕದಿಂದ ಹೊರಗಿಡಲಿ. ವೈದ್ಯರ ಒಂದು ಚೀಟಿ ಸಾಕಾಗಲಿ, ತಪ್ಪಿದ ಒಳಪರೀಕ್ಷೆ ಮತ್ತೆ ಬರೆಯಲು ಬಿಡಲಿ. ಆ ತಿಂಗಳುಗಳಲ್ಲಿ ಎಲ್ಲರಿಗೂ ತುಂಬುತೋಳು, ಉದ್ದ ಪ್ಯಾಂಟು ಹಾಕಲು ಬಿಡಲಿ. ಒಬ್ಬರೋ ಇಬ್ಬರೋ ಹಾಕಿದರೆ ಗೇಲಿ, ತರಗತಿಯೇ ಹಾಕಿದರೆ ಅದೇ ಯೂನಿಫಾರ್ಮ್. ಜಾಥಾಗೆ ಹೋಗುವ ಅರ್ಧ ದಿನದಲ್ಲಿ ಮಕ್ಕಳನ್ನು ನಾಲ್ಕೈದು ಜನರ ಗುಂಪು ಮಾಡಿ ಶಾಲೆಯ ಮಾಳಿಗೆ, ತೊಟ್ಟಿ, ಹಿಂಬದಿಯ ಗುಜರಿ ನೋಡಿಬರಲು ಕಳಿಸಲಿ. ಲಾರ್ವಾ ಸಿಕ್ಕ ಜಾಗವನ್ನು ಅವರೇ ಬರೆದಿಡಲಿ, ಮುಂದಿನ ವಾರ ಅವರೇ ಹೋಗಿ ಮತ್ತೆ ನೋಡಲಿ. ಹೋದ ವಾರ ಆರು ಕಡೆ ಇದ್ದ ಲಾರ್ವಾ ಈ ವಾರ ಒಂದೇ ಕಡೆ ಕಂಡರೆ, ‘ನಾವು ಮಾಡಿದ್ದಕ್ಕೆ ಆಯ್ತು’ ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೆಳೆಯರ ಒತ್ತಡವೂ ಆಗ ಬೇರೆ ಕಡೆಗೆ ತಿರುಗುತ್ತದೆ. ತನ್ನ ಮನೆಯ ಡ್ರಮ್ಮಿನಲ್ಲಿ ಲಾರ್ವಾ ಇದೆ ಅಂತ ಗುಂಪಿನ ಮುಂದೆ ಒಪ್ಪಿಕೊಳ್ಳಲು ಯಾವ ಹುಡುಗನಿಗೂ ಇಷ್ಟವಿರುವುದಿಲ್ಲ.

ಮನೆಯವರಿಗೂ ಒಂದು ಮಾತಿದೆ. ಮಗಳು ಬಂದು ‘ಅಮ್ಮ, ಈ ಡ್ರಮ್ಮು ಉಜ್ಜಬೇಕಂತೆ’ ಅಂದಾಗ ‘ಓದ್ಕೋ ಹೋಗು’ ಅಂತ ಕಳಿಸಬೇಡಿ. ಮಗ ‘ಜ್ವರ ಬಿಟ್ಟಿದೆ, ಆದರೂ ಹೊಟ್ಟೆ ನೋಯ್ತಿದೆ’ ಅಂದರೆ ನಾಟಕ ಅಂದುಕೊಳ್ಳಬೇಡಿ. ಜ್ವರ ಶುರುವಾದ ದಿನವನ್ನು ಕ್ಯಾಲೆಂಡರ್ ಮೇಲೆ ಗುರುತು ಮಾಡಿ. ಮೂರನೇ ದಿನದಿಂದ ಏಳನೇ ದಿನದವರೆಗೆ, ಜ್ವರ ಇರಲಿ ಬಿಡಲಿ, ಕಾಲೇಜಿಗೆ ಕಳಿಸದೆ ಕಣ್ಣೆದುರೇ ಇಟ್ಟುಕೊಳ್ಳಿ. ಎಷ್ಟು ಸಲ ಮೂತ್ರ ಮಾಡಿದ, ಎಷ್ಟು ನೀರು ಕುಡಿದ ಅಂತ ಅವನೇ ಬರೆದಿಡಲಿ, ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಆ ಚೀಟಿಯನ್ನು ವೈದ್ಯರಿಗೆ ತೋರಿಸಿ.